ಗ್ರಾಫಿಕ್ಸ್ ಕಾರ್ಡ್ ತಯಾರಕರು ಡ್ರೈವರ್‌ನ ಸೋರ್ಸ್ ಕೋಡನ್ನು ಏಕೆ ಬಿಟ್ಟುಕೊಡುವುದಿಲ್ಲ?

ನವನಗರ ಲ್ಯಾಬ್ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪ್ರಯೋಗಾಲಯದ ಉಸ್ತುವಾರಿ ನೋಡಿಕೊಳ್ಳುತ್ತೇನೆ. ನಮ್ಮ ಲ್ಯಾಬಿನ ಯಂತ್ರಗಳೆಲ್ಲ ಲಿನಕ್ಸ್ ಮೇಲೆ ನಡೆಯುತ್ತವೆ. ಬೇಸಿಗೆ ರಜೆಯಲ್ಲಿ ಅವುಗಳಿಗೆ ಉಬುಂಟುವಿನ ಹೊಸ ಆವೃತ್ತಿ ಹಾಕಿದಾಗ, ಒಂದು ಸಾಲಿನ ಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೊಸ ಆವೃತ್ತಿಯೊಂದಿಗೆ ಕಂಪೈಲ್ ಆಗದೆ (ಯಂತ್ರದ ಭಾಷೆಗೆ ಬದಲಾಗದೆ) ನಿಂತುಬಿಟ್ಟಿತು. ಪರದೆ 1024×768ಕ್ಕೆ ಇಳಿಯಿತು. ಬ್ಲೆಂಡರ್ ಎಂಬ 3ಡಿ ಚಿತ್ರಗಳ ತಂತ್ರಾಂಶ ತೆರೆದರೆ ಕೆಲಸವೆಲ್ಲ ಸಿಪಿಯು ಮೇಲೆ ಬಿದ್ದು, ಒಂದು ಘನಾಕೃತಿಯನ್ನು ತಿರುಗಿಸುವುದಕ್ಕೂ ವಿದ್ಯಾರ್ಥಿಗಳು ಕಾಯಬೇಕಾಯಿತು. ತಯಾರಕರ ತಾಣದಲ್ಲಿ ನೋಡಿದರೆ ಆ ಕಾರ್ಡುಗಳನ್ನು ಬೆಂಬಲ ಮುಗಿದವುಗಳ ಪಟ್ಟಿಗೆ ಸೇರಿಸಿದ್ದಾರೆ. ಆದರೆ ಅವು ಕೆಟ್ಟಿಲ್ಲ. ಹಳೆಯ ಉಬುಂಟು ಹಾಕಿದರೆ ಇಂದಿಗೂ ಚೆನ್ನಾಗಿ ನಡೆಯುತ್ತವೆ. ಪಕ್ಕದ ಸಾಲಿನಲ್ಲಿ ಅದಕ್ಕಿಂತ ಹಳೆಯದಾದ, ಇಂಟೆಲ್‌ನ ಒಳಗಿನ ಗ್ರಾಫಿಕ್ಸನ್ನೇ ಬಳಸುವ ಯಂತ್ರಗಳಿವೆ. ಅವುಗಳಲ್ಲಿ ಏನನ್ನೂ ಮುಟ್ಟದೆಯೇ ಎಲ್ಲವೂ ಸರಿಯಾಗಿ ಬಂತು.

ನನ್ನ ಪ್ರಶ್ನೆ ಇಷ್ಟು. ಈ ಕಂಪನಿಗಳು ಹಣ ತೆಗೆದುಕೊಳ್ಳುವುದು ಕಾರ್ಡಿಗೆ. ಡ್ರೈವರನ್ನು ಎಲ್ಲರಿಗೂ ಉಚಿತವಾಗಿಯೇ ಕೊಡುತ್ತವೆ. ಉಚಿತವಾಗಿ ಕೊಡುವ ವಸ್ತುವಿನ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ಬರಹವನ್ನು, ಮುಚ್ಚಿಟ್ಟು ಅವು ಏನನ್ನು ಕಾಪಾಡಿಕೊಳ್ಳುತ್ತವೆ? ತಮಗೆ ನಿರ್ವಹಿಸಲು ಸಾಧ್ಯವಾಗದಿದ್ದಾಗಲಾದರೂ ಅದನ್ನು ಬೇರೆಯವರ ಕೈಗೆ ಒಪ್ಪಿಸಬಾರದೇಕೆ?

ಘಟಪ್ರಭಾ ತೀರ

ನಮಸ್ಕಾರ ಸರ್. ಊರು ಗೋಕಾಕ, ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ಎಂಬೆಡೆಡ್ ಲಿನಕ್ಸ್ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಸೋರ್ಸ್ ಕೋಡನ್ನು ಬಿಟ್ಟರೆ ಪ್ರತಿಸ್ಪರ್ಧಿಗಳು ಚಿಪ್ಪಿನ ರಹಸ್ಯವನ್ನು ಕದಿಯುತ್ತಾರೆ ಎಂಬುದು. ಅದರಲ್ಲಿ ಸ್ವಲ್ಪ ನಿಜವಿದ್ದರೂ ಅದು ಮುಖ್ಯ ಕಾರಣವೆಂದು ನನಗೆ ಅನಿಸುವುದಿಲ್ಲ. ಒಂದು ಚಿಪ್ಪನ್ನು ವಿನ್ಯಾಸಗೊಳಿಸಿ ಮಾರುಕಟ್ಟೆಗೆ ತರಲು ವರ್ಷಗಳೇ ಬೇಕು. ಡ್ರೈವರ್ ಓದಿ ನಕಲು ಮಾಡಿ ಮುಗಿಸುವ ಹೊತ್ತಿಗೆ ಮೂಲ ಚಿಪ್ಪು ಹಳತಾಗಿರುತ್ತದೆ. ಪ್ರತಿಸ್ಪರ್ಧಿಗಳಿಗೆ ಬೇಕಿದ್ದರೆ ಚಿಪ್ಪನ್ನೇ ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಸೌಕರ್ಯವೂ ಅವರಲ್ಲಿದೆ.

ಮೊದಲು ಡ್ರೈವರ್ ಎಂದರೆ ಎಷ್ಟು ದೊಡ್ಡ ವಸ್ತು ಎಂಬುದನ್ನು ನೋಡೋಣ. ಕರ್ನಲ್ ಒಳಗಿರುವ ಭಾಗವು ಮೆಮೊರಿ ಹಂಚಿಕೆ, ವಿದ್ಯುತ್ ನಿಯಂತ್ರಣ, ಪರದೆಯ ಜೋಡಣೆ ಮೊದಲಾದವನ್ನು ನೋಡಿಕೊಳ್ಳುತ್ತದೆ. ಅದರ ಮೇಲೆ, ಕರ್ನಲ್‌ನ ಹೊರಗೆ, ಓಪನ್‌ಜಿಎಲ್ ಮತ್ತು ವಲ್ಕನ್ ಎಂಬ ಪ್ರಮಾಣಿತ ಆದೇಶಗಳನ್ನು ಚಿಪ್ಪಿನ ಸ್ವಂತ ಆದೇಶಗಳಿಗೆ ಬದಲಾಯಿಸುವ ಭಾಗವಿರುತ್ತದೆ. ಅದರಲ್ಲಿ ಶೇಡರ್‌ಗಳನ್ನು (ಚಿತ್ರದ ಬಣ್ಣ, ಬೆಳಕನ್ನು ಲೆಕ್ಕ ಹಾಕುವ ಚಿಕ್ಕ ಪ್ರೋಗ್ರಾಂಗಳನ್ನು) ಚಿಪ್ಪಿನ ಭಾಷೆಗೆ ಬದಲಾಯಿಸುವ ಶೇಡರ್ ಕಂಪೈಲರ್ ಎಂಬ ಸಂಪೂರ್ಣ ಕಂಪೈಲರೇ ಅಡಗಿದೆ. ಇಷ್ಟರ ಜೊತೆಗೆ, ಜನಪ್ರಿಯ ಆಟಗಳನ್ನು ಹೆಸರಿನಿಂದಲೇ ಗುರುತಿಸಿ ಒಂದೊಂದಕ್ಕೂ ಪ್ರತ್ಯೇಕ ಹೊಂದಾಣಿಕೆ ಮಾಡುವ ಕೋಡೂ ಅಲ್ಲೇ ಇರುತ್ತದೆ. ಹೀಗಾಗಿ ಡ್ರೈವರ್ ಕಾರ್ಡಿನ ಜೊತೆ ಉಚಿತವಾಗಿ ಬರುವ ಬಿಡಿ ವಸ್ತುವಲ್ಲ. ಕಾರ್ಡಿನ ವೇಗದ ದೊಡ್ಡ ಪಾಲು ಅದರಿಂದಲೇ ಬರುತ್ತದೆ, ಮತ್ತು ಬೆಲೆಯ ಒಂದು ಪಾಲೂ ಅಲ್ಲಿಯೇ ನಿರ್ಧಾರವಾಗುತ್ತದೆ. ಈ ಕೊನೆಯ ಮಾತಿಗೆ ಮತ್ತೆ ಬರುತ್ತೇನೆ.

ಉದ್ಯಮಬಾಗ

ಘಟಪ್ರಭಾ ಸರ್, ಬೆಲೆಯ ಮಾತು ಬಂದದ್ದರಿಂದ ನಾನೂ ಒಂದೆರಡು ಮಾತು ಸೇರಿಸುತ್ತೇನೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್ ವಿನ್ಯಾಸ ಮಾಡಿಕೊಡುವ ಚಿಕ್ಕ ಕಚೇರಿ ನಮ್ಮದು. ಕ್ಯಾಡ್ ತಂತ್ರಾಂಶದವರು, ತಾವು ಪ್ರಮಾಣೀಕರಿಸಿದ ವರ್ಕ್‌ಸ್ಟೇಷನ್ ಕಾರ್ಡ್ ಇದ್ದರೆ ಮಾತ್ರ ದೂರುಗಳನ್ನು ಸ್ವೀಕರಿಸುತ್ತೇವೆ ಎನ್ನುತ್ತಾರೆ. ಕೊಟೇಶನ್ ತರಿಸಿ ನೋಡಿದರೆ, ಆಟವಾಡುವವರಿಗೆ ಮಾರುವ ಕಾರ್ಡು ಮತ್ತು ವರ್ಕ್‌ಸ್ಟೇಷನ್ ಕಾರ್ಡು ಎರಡರಲ್ಲೂ ಒಂದೇ ಚಿಪ್ಪಿರುತ್ತದೆ. ಆದರೆ ಬೆಲೆ ಹಲವು ಪಟ್ಟು ಬೇರೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಎರಡು ಬಿಡಿಭಾಗಗಳಿಗೆ ಎರಡು ಹೆಸರಿನ ಪಟ್ಟಿ ಹೊಡೆದು ಎರಡು ದರದಲ್ಲಿ ಮಾರಿದರೆ ನಮ್ಮ ಗಿರಾಕಿಗಳು ಒಪ್ಪುವುದಿಲ್ಲ. ವರ್ಕ್‌ಸ್ಟೇಷನ್ ಕಾರ್ಡಿನಲ್ಲಿ ಮೆಮೊರಿ ಹೆಚ್ಚಿರುತ್ತದೆ, ಕೆಲವದರಲ್ಲಿ ದೋಷ ತಿದ್ದುವ ಸೌಲಭ್ಯವೂ ಇರುತ್ತದೆ ಎಂಬುದನ್ನು ಒಪ್ಪುತ್ತೇನೆ. ಉಳಿದ ವ್ಯತ್ಯಾಸ ಎಲ್ಲಿದೆ ಎಂಬುದು ನನ್ನ ಸಂಶಯ.

ಘಟಪ್ರಭಾ ತೀರ

ನಿಮ್ಮ ಸಂಶಯ ಸರಿಯಾದ ಜಾಗಕ್ಕೇ ಹೋಗಿದೆ. ಉಳಿದ ವ್ಯತ್ಯಾಸದ ಬಹುಪಾಲು ಡ್ರೈವರ್‌ನಲ್ಲಿದೆ, ಮತ್ತು ಅದನ್ನು ತೋರಿಸುವ ಬಹಿರಂಗ ಉದಾಹರಣೆಗಳಿವೆ.

2017ರ ಜೂನ್ ಕೊನೆಯಲ್ಲಿ ಗ್ರಾಫಿಕ್ಸ್ ಚಿಪ್ಪು ತಯಾರಿಸುವ ಎಎಂಡಿ ತನ್ನ ವೇಗಾ ಫ್ರಂಟಿಯರ್ ಎಡಿಷನ್ ಕಾರ್ಡನ್ನು ವೃತ್ತಿಪರರಿಗಾಗಿ ಬಿಡುಗಡೆ ಮಾಡಿತು. ಅದಾಗಿ ಸುಮಾರು ಒಂದು ತಿಂಗಳಿಗೆ ಅದರ ಪ್ರತಿಸ್ಪರ್ಧಿ ಎನ್‌ವಿಡಿಯಾ ತನ್ನ ಟೈಟಾನ್ ಎಕ್ಸ್‌ಪಿ ಕಾರ್ಡಿಗೆ ಹೊಸ ಡ್ರೈವರ್ ಕೊಟ್ಟು, ಮಾಯಾದಂತಹ ವೃತ್ತಿಪರ ತಂತ್ರಾಂಶಗಳಲ್ಲಿ ವೇಗವು ಮೂರು ಪಟ್ಟಿನವರೆಗೆ ಹೆಚ್ಚುತ್ತದೆ ಎಂದು ತಾನೇ ಹೇಳಿಕೊಂಡಿತು. ಅದಾಗಲೇ ಜನ ಕೊಂಡು ಮನೆಯಲ್ಲಿಟ್ಟುಕೊಂಡಿದ್ದ ಕಾರ್ಡು ಅದು. ಅದರ ಒಂದು ತಂತಿಯೂ ಬದಲಾಗಿರಲಿಲ್ಲ. ಆ ಶಕ್ತಿ ಮೊದಲಿನಿಂದಲೂ ಚಿಪ್ಪಿನಲ್ಲಿತ್ತು, ಡ್ರೈವರ್ ಅದನ್ನು ಹೊರಗೆ ಬಿಟ್ಟಿರಲಿಲ್ಲ. ಡ್ರೈವರ್ ಮುಕ್ತವಾಗಿದ್ದರೆ, ಅಂದರೆ ಅದರ ಸೋರ್ಸ್ ಕೋಡ್ ಎಲ್ಲರಿಗೂ ಸಿಗುವಂತಿದ್ದರೆ, ಅಂತಹ ತಡೆಯನ್ನು ಯಾರಾದರೂ ಒಂದು ಸಂಜೆಯಲ್ಲಿ ತೆಗೆದುಬಿಡುತ್ತಿದ್ದರು.

ಇನ್ನೊಂದು ಉದಾಹರಣೆ ವರ್ಚುವಲ್ ಯಂತ್ರಗಳದ್ದು. ಎನ್‌ವಿಡಿಯಾದ ಜಿಫೋರ್ಸ್ ಕಾರ್ಡನ್ನು ವರ್ಚುವಲ್ ಯಂತ್ರವೊಂದಕ್ಕೆ (ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ನಡೆಸುವ ಇನ್ನೊಂದು ಕಂಪ್ಯೂಟರಿಗೆ) ನೇರವಾಗಿ ಒಪ್ಪಿಸಿದರೆ, ವಿಂಡೋಸ್ ಡ್ರೈವರ್ ಅದನ್ನು ಪತ್ತೆಹಚ್ಚಿ, 43 ಎಂಬ ದೋಷ ಸಂಖ್ಯೆ ತೋರಿಸಿ ಕೆಲಸ ನಿಲ್ಲಿಸುತ್ತಿತ್ತು. ವರ್ಚುವಲ್ ಯಂತ್ರದ ಗುರುತನ್ನು ಮರೆಮಾಡಿದರೆ ಅದೇ ಕಾರ್ಡು ತಕರಾರಿಲ್ಲದೆ ನಡೆಯುತ್ತಿತ್ತು. 2021ರಲ್ಲಿ ಕಂಪನಿಯೇ ಈ ತಡೆಯನ್ನು ತೆಗೆಯಿತು. ಅದೇ 2021ರ ಫೆಬ್ರವರಿಯಲ್ಲಿ ಅದರ ಆರ್‌ಟಿಎಕ್ಸ್ 3060 ಕಾರ್ಡು, ಈಥರ್ ಎಂಬ ಕ್ರಿಪ್ಟೋ ನಾಣ್ಯವನ್ನು ಲೆಕ್ಕಾಚಾರದಿಂದ ಗಳಿಸುವ ಗಣಿಗಾರಿಕೆಯ ವೇಗವನ್ನು ಅರ್ಧಕ್ಕೆ ಇಳಿಸುವ ಮಿತಿಯೊಂದಿಗೆ ಬಂತು. ಚಿಪ್ಪು, ಕಾರ್ಡನ್ನು ಚಾಲೂ ಮಾಡುವ ಬಯಾಸ್ ಮತ್ತು ಡ್ರೈವರ್ ಮೂರೂ ಪರಸ್ಪರ ಖಾತ್ರಿಪಡಿಸಿಕೊಳ್ಳುವುದರಿಂದ ಈ ಮಿತಿ ಭದ್ರವಾಗಿದೆ ಎಂದು ಹೇಳಲಾಗಿತ್ತು. ಮರು ತಿಂಗಳೇ ಕಂಪನಿಯ ಒಂದು ಬೀಟಾ ಡ್ರೈವರ್ ಕಣ್ತಪ್ಪಿನಿಂದ ಆ ಮಿತಿಯಿಲ್ಲದೆ ಹೊರಬಂತು, ಮತ್ತು ಕಾರ್ಡುಗಳು ಪೂರ್ಣ ವೇಗದಲ್ಲಿ ಗಣಿಗಾರಿಕೆ ಮಾಡತೊಡಗಿದವು.

ನಾನು ಹೇಳಬೇಕೆಂದಿದ್ದು ಇದನ್ನೇ. ಒಂದೇ ಚಿಪ್ಪನ್ನು ಹಲವು ದರಗಳಲ್ಲಿ ಮಾರುವ ವ್ಯವಹಾರಕ್ಕೆ ಒಂದು ಬಾಗಿಲು ಬೇಕು. ಆ ಬಾಗಿಲನ್ನು ಡ್ರೈವರ್‌ನಲ್ಲಿ ಕೂರಿಸಿರುವವರೆಗೆ ಡ್ರೈವರ್‌ನ ಸೋರ್ಸ್ ಕೋಡ್ ಹೊರಗೆ ಬರುವುದಿಲ್ಲ.

ಬಾರಾ ಕಮಾನ್ (ವಿಜಯಪುರ)

ಚರ್ಚೆ ಚೆನ್ನಾಗಿ ಸಾಗಿದೆ. ನಾನು ವಿಜಯಪುರದಲ್ಲಿ ವಕೀಲಿ ಮಾಡುತ್ತೇನೆ. ಪರವಾನಗಿ ಒಪ್ಪಂದಗಳನ್ನು ಓದುವುದು ನನ್ನ ನಿತ್ಯದ ಕೆಲಸ. ವ್ಯಾಪಾರದ ಲೆಕ್ಕಾಚಾರದಷ್ಟೇ ಬಿಗಿಯಾದ ಇನ್ನೊಂದು ಕಟ್ಟು ಇಲ್ಲಿದೆ: ತಯಾರಕನು ಮನಸ್ಸು ಮಾಡಿದರೂ, ಎಷ್ಟೋ ಸಲ ಕೊಡುವ ಹಕ್ಕೇ ಅವನಿಗಿರುವುದಿಲ್ಲ.

ಮೇಲೆ ಇಂಟೆಲ್ ಯಂತ್ರಗಳು ತಾವಾಗಿಯೇ ಸರಿಯಾಗಿ ಬಂದವು ಎಂದು ಬರೆದಿದ್ದೀರಿ. ಅದೇ ಇಂಟೆಲ್ 2008ರ ಸುಮಾರಿಗೆ ಆಟಮ್ ಪ್ರೊಸೆಸರಿನ ಜೊತೆಗೆ ಜಿಎಂಎ 500 ಎಂಬ ಗ್ರಾಫಿಕ್ಸ್ ಕೊಟ್ಟಿತು. ಅದರ ಒಳಗಿದ್ದದ್ದು ಇಂಟೆಲ್‌ನ ಸ್ವಂತ ವಿನ್ಯಾಸವಲ್ಲ, ಬ್ರಿಟನ್ನಿನ ಇಮ್ಯಾಜಿನೇಷನ್ ಕಂಪನಿಯಿಂದ ಪರವಾನಗಿ ಪಡೆದ ಪವರ್‌ವಿಆರ್. ಉಳಿದೆಲ್ಲ ಗ್ರಾಫಿಕ್ಸಿಗೆ ಮುಕ್ತ ಡ್ರೈವರ್ ಕೊಡುತ್ತಿದ್ದ ಇಂಟೆಲ್‌ಗೆ ಇದಕ್ಕೆ ಮಾತ್ರ ಪೂರ್ಣ ಮುಕ್ತ ಡ್ರೈವರ್ ಕೊಡಲು ಆಗಲಿಲ್ಲ, ಮತ್ತು ಆ ನೆಟ್‌ಬುಕ್‌ಗಳನ್ನು ಕೊಂಡ ಲಿನಕ್ಸ್ ಬಳಕೆದಾರರು ಬಹಳ ಕಷ್ಟಪಟ್ಟರು. ಕಂಪನಿ ಒಂದೇ, ಅದರ ನೀತಿಯೂ ಒಂದೇ. ಆಸ್ತಿಯ ಒಡೆಯ ಮಾತ್ರ ಬೇರೆ. ಈ ಪ್ರಕರಣಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಬೇರೆಲ್ಲೂ ಕಂಡಿಲ್ಲ.

ಎರಡನೆಯದು ಚಲನಚಿತ್ರ ಉದ್ಯಮದ ಷರತ್ತು. ಎಚ್‌ಡಿಸಿಪಿ ಮೊದಲಾದ ನಕಲು ತಡೆ ವ್ಯವಸ್ಥೆಗಳ ಪರವಾನಗಿ ಪಡೆಯುವವನು, ಅವುಗಳ ಕೀಲಿಗಳು ಬಳಕೆದಾರನ ಕೈಗೆ ಸಿಗದಂತೆ ಕಾಯುವ ಹೊಣೆಯನ್ನು ಬರಹದಲ್ಲಿ ಒಪ್ಪಿಕೊಂಡಿರುತ್ತಾನೆ. ಎಎಂಡಿ 2007ರಲ್ಲಿ ತನ್ನ ಚಿಪ್ಪುಗಳ ದಾಖಲೆಗಳನ್ನು ಪ್ರಕಟಿಸಲು ಆರಂಭಿಸಿದಾಗಲೂ, ವಿಡಿಯೋ ಬಿಡಿಸುವ ಯುವಿಡಿ ಎಂಬ ಘಟಕದ ಮಾಹಿತಿಯನ್ನು ತಡೆಹಿಡಿದಿತ್ತು. ಅದರ ಮುಕ್ತ ಕೋಡ್ ಹೊರಬಂದದ್ದು 2013ರ ಏಪ್ರಿಲ್‌ನಲ್ಲಿ. ನಡುವೆ ಕಳೆದ ವರ್ಷಗಳಲ್ಲಿ ನಡೆದದ್ದರ ದೊಡ್ಡ ಭಾಗ ಕಾನೂನು ಪರಿಶೀಲನೆ: ಪ್ರತಿಯೊಂದು ಸಾಲು ನಮ್ಮದೇ, ಇದನ್ನು ಬಿಟ್ಟರೆ ಯಾವ ಒಪ್ಪಂದ ಮುರಿಯುತ್ತದೆ, ಯಾರು ದಾವೆ ಹೂಡಬಹುದು ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಗುವವರೆಗೆ ಯಾವ ವಕೀಲನೂ ಸಹಿ ಹಾಕುವುದಿಲ್ಲ. ನಾನಾಗಿದ್ದರೂ ಹಾಕುತ್ತಿರಲಿಲ್ಲ.

ಪೇಟೆಂಟ್ ವಿಷಯವೂ ಹೀಗೆಯೇ. ಎಸ್‌3ಟಿಸಿ ಎಂಬ ಚಿತ್ರ ಸಂಕೋಚನ ವಿಧಾನಕ್ಕೆ ಪೇಟೆಂಟ್ ಇದ್ದದ್ದರಿಂದ ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ಗ್ರಂಥಾಲಯ ಅದನ್ನು ತನ್ನೊಳಗೆ ಸೇರಿಸಿಕೊಳ್ಳದೆ ಹೊರಗಿನ ಬೇರೆ ಲೈಬ್ರರಿಗೆ ಬಿಟ್ಟಿತ್ತು. 2017ರ ಅಕ್ಟೋಬರ್‌ನಲ್ಲಿ ಪೇಟೆಂಟಿನ ಅವಧಿ ಮುಗಿದ ಮೇಲೆಯೇ ಒಳಗೆ ತೆಗೆದುಕೊಂಡಿತು. ಮುಚ್ಚಿದ ಡ್ರೈವರ್‌ನಲ್ಲಿ ಯಾರ ಪೇಟೆಂಟ್ ಉಲ್ಲಂಘನೆಯಾಗಿದೆ ಎಂದು ಕಂಡುಹಿಡಿಯುವುದು ಕಷ್ಟ; ತೆರೆದಿಟ್ಟರೆ ಎದುರು ಪಕ್ಷದ ವಕೀಲನಿಗೆ ಸಾಕ್ಷ್ಯವನ್ನು ಮನೆಗೇ ಕಳಿಸಿಕೊಟ್ಟಂತೆ. ಈ ಭಯವನ್ನು ಕಂಪನಿಗಳು ಬಹಿರಂಗವಾಗಿ ಹೇಳಿಕೊಳ್ಳುವುದಿಲ್ಲ, ಆದರೆ ಕಾನೂನು ವಿಭಾಗದ ಕೋಣೆಯಲ್ಲಿ ಅದಕ್ಕೆ ಬಹಳ ತೂಕವಿದೆ ಎಂದು ನಾನು ನಂಬುತ್ತೇನೆ.

ಇಳಕಲ್ಲಿನ ವಿದ್ಯಾರ್ಥಿನಿ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಬಿಇ ಓದುತ್ತಿದ್ದೇನೆ. ನನಗೊಂದು ಅನುಮಾನ: ಬೆಲೆ, ಪೇಟೆಂಟ್, ನಕಲು ತಡೆ ಇವೆಲ್ಲ ಎಎಂಡಿಗೂ ಇದ್ದವಲ್ಲವೇ? ಹಾಗಿದ್ದೂ ಎಎಂಡಿ ಮುಕ್ತ ಡ್ರೈವರ್ ಕೊಟ್ಟಿತು. ಎನ್‌ವಿಡಿಯಾ ಕೂಡ 2022ರಲ್ಲಿ ಕೊಟ್ಟಿತು ಎಂದು ಓದಿದ್ದೇನೆ. ಅಂದ ಮೇಲೆ ಈ ಕಾರಣಗಳು ಏನಾದವು?

ಘಟಪ್ರಭಾ ತೀರ

ತಂಗಿ, ಒಳ್ಳೆಯ ಪ್ರಶ್ನೆ ಕೇಳಿದ್ದೀಯಾ. ಈ ಎರಡು ಕಂಪನಿಗಳ ದಾರಿಯನ್ನು ಬೇರೆಬೇರೆಯಾಗಿ ನೋಡಬೇಕು.

ಎಎಂಡಿ 2006ರಲ್ಲಿ ಗ್ರಾಫಿಕ್ಸ್ ಕಾರ್ಡಿನ ಕಂಪನಿಯಾದ ಎಟಿಐಯನ್ನು ಕೊಂಡಾಗ ಲಿನಕ್ಸ್‌ನಲ್ಲಿ ಆ ಕಾರ್ಡುಗಳ ಹೆಸರು ಬಹಳ ಕೆಟ್ಟಿತ್ತು. ಮಾರುಕಟ್ಟೆಯಲ್ಲಿ ಹಿಂದಿದ್ದವನಿಗೆ ಮುಚ್ಚಿಟ್ಟುಕೊಳ್ಳುವುದರಿಂದ ಉಳಿಯುವುದು ಕಡಿಮೆ, ತೆರೆಯುವುದರಿಂದ ಸಿಗುವುದು ಹೆಚ್ಚು. ಆದರೂ ಅದು ಸುಲಭವಾಗಿ ಆಗಲಿಲ್ಲ. 2016ರ ಡಿಸೆಂಬರ್‌ನಲ್ಲಿ, ಪರದೆಯ ನಿಯಂತ್ರಣಕ್ಕೆಂದು ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ಹೊಂದುವಂತೆ ಬರೆದಿದ್ದ, ಸುಮಾರು ಒಂದು ಲಕ್ಷ ಸಾಲುಗಳ ಕೋಡನ್ನು ಎಎಂಡಿ ಕರ್ನಲ್‌ಗೆ ಸೇರಿಸಲು ಮುಂದಾಯಿತು. ಕರ್ನಲ್‌ನ ಗ್ರಾಫಿಕ್ಸ್ ವಿಭಾಗದ ಮುಖ್ಯಸ್ಥ ಡೇವ್ ಏರ್ಲಿ ಅದನ್ನು ನಿರಾಕರಿಸಿದರು. ಕಂಪನಿಯೊಂದು ತನ್ನ ಅನುಕೂಲಕ್ಕಾಗಿ ಕರ್ನಲ್ ಒಳಗೆ ಬೇರೆಯದೇ ಪದರವನ್ನು ತಂದಿಟ್ಟರೆ, ನಾಳೆ ಅದನ್ನು ಯಾರೂ ನಿರ್ವಹಿಸಲಾರರು ಎಂಬುದು ಅವರ ವಾದ. ಎಎಂಡಿ ಎಂಜಿನಿಯರುಗಳು ಸುಮಾರು ಒಂದು ವರ್ಷ ಆ ಕೋಡನ್ನು ತಿದ್ದಿ, 4.15ನೇ ಕರ್ನಲ್‌ಗೆ ಸೇರಿಸಿದರು. ಅಂದರೆ ಮುಕ್ತಗೊಳಿಸುವುದೆಂದರೆ ಕಡತಗಳನ್ನು ತಾಣಕ್ಕೆ ಏರಿಸಿ ಕೈ ತೊಳೆದುಕೊಳ್ಳುವುದಲ್ಲ. ಹೊರಗಿನವರ ಶಿಸ್ತಿಗೆ ಒಳಪಡಬೇಕು, ಅವರ ವೇಳಾಪಟ್ಟಿಗೆ ಕಾಯಬೇಕು, ವಿಂಡೋಸ್ ತಂಡದೊಂದಿಗೆ ಹಂಚಿಕೊಂಡಿದ್ದ ಕೆಲಸವನ್ನು ಎರಡು ಸಲ ಮಾಡಬೇಕು. ತಯಾರಕರು ಹಿಂಜರಿಯುವುದಕ್ಕೆ ಈ ಖರ್ಚೂ ಒಂದು ಪ್ರಾಮಾಣಿಕ ಕಾರಣ. ಇದನ್ನು ನಾವು, ಅಂದರೆ ಮುಕ್ತ ತಂತ್ರಾಂಶದ ಪರವಾಗಿ ಮಾತನಾಡುವವರು, ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎನ್‌ವಿಡಿಯಾ ಕತೆ ಬೇರೆ. 2014ರಲ್ಲಿ ಬಂದ, ಮ್ಯಾಕ್ಸ್‌ವೆಲ್ ಎಂಬ ಚಿಪ್ಪುಗಳ ಎರಡನೇ ಪೀಳಿಗೆಯಿಂದ, ಕಂಪನಿಯ ಡಿಜಿಟಲ್ ಸಹಿಯಿರುವ ಫರ್ಮ್‌ವೇರ್ (ಕಾರ್ಡಿನ ಒಳಗೇ ನಡೆಯುವ ತಂತ್ರಾಂಶ) ಇಲ್ಲದೆ ಕಾರ್ಡಿನ ಮುಖ್ಯ ಭಾಗಗಳು ಕೆಲಸ ಮಾಡದಂತೆ ಬಿಗಿಮಾಡಿದರು. ಸ್ವಯಂಸೇವಕರು ರಿವರ್ಸ್ ಎಂಜಿನಿಯರಿಂಗ್ ಮಾಡಿ (ಕಾರ್ಡಿನ ನಡವಳಿಕೆಯಿಂದಲೇ ಅದರ ಒಳಗುಟ್ಟನ್ನು ಪತ್ತೆಹಚ್ಚಿ) ಕಟ್ಟಿದ ನೂವೋ ಡ್ರೈವರ್‌ಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಕಾರ್ಡು ಚಾಲೂ ಆಗುವಾಗ ಯಾವ ಕಡಿಮೆ ವೇಗದಲ್ಲಿ ಇರುತ್ತದೆಯೋ ಅದನ್ನು ಹೆಚ್ಚಿಸುವ ದಾರಿ ಅವರಿಗೆ ಸಿಗಲಿಲ್ಲ. ಮುಂದೆ ಬಂದ ಟ್ಯೂರಿಂಗ್ ಪೀಳಿಗೆಯಿಂದ ಚಿಪ್ಪಿನೊಳಗೆ ಜಿಎಸ್‌ಪಿ ಎಂಬ, ರಿಸ್ಕ್-ಫೈವ್ ವಿನ್ಯಾಸದ ಚಿಕ್ಕ ಪ್ರೊಸೆಸರ್ ಬಂತು. ಮೊದಲು ಕರ್ನಲ್ ಡ್ರೈವರ್ ಮಾಡುತ್ತಿದ್ದ ಕೆಲಸದ ದೊಡ್ಡ ಭಾಗವನ್ನು ಅದರ ಮೇಲೆ ನಡೆಯುವ, ಹತ್ತಾರು ಮೆಗಾಬೈಟ್ ಗಾತ್ರದ, ಸಹಿ ಮಾಡಿದ, ಮುಚ್ಚಿದ ಫರ್ಮ್‌ವೇರ್‌ಗೆ ಸಾಗಿಸಿದರು. ಅದಾದ ಮೇಲೆಯೇ, 2022ರ ಮೇ ತಿಂಗಳಲ್ಲಿ, ಟ್ಯೂರಿಂಗ್ ಮತ್ತು ನಂತರದ ಕಾರ್ಡುಗಳಿಗೆ ಮಾತ್ರ ಅನ್ವಯಿಸುವಂತೆ, ಕರ್ನಲ್ ಭಾಗದ ಸೋರ್ಸ್ ಕೋಡನ್ನು ಬಿಡುಗಡೆ ಮಾಡಿದರು. ಓಪನ್‌ಜಿಎಲ್, ವಲ್ಕನ್, ಕುಡಾ (ಕಾರ್ಡನ್ನು ಲೆಕ್ಕಾಚಾರಕ್ಕೆ ಬಳಸುವ ವ್ಯವಸ್ಥೆ) ಇವುಗಳ ಅವರದೇ ಡ್ರೈವರ್‌ಗಳು ಈಗಲೂ ಮುಚ್ಚಿಯೇ ಇವೆ.

ಆದ್ದರಿಂದ ಕಾರಣಗಳು ಮಾಯವಾಗಲಿಲ್ಲ, ಅವುಗಳ ಜಾಗ ಬದಲಾಯಿತು ಎಂಬುದು ನನ್ನ ಅಭಿಪ್ರಾಯ. ಮೇಲೆ ಹೇಳಿದ ಬಾಗಿಲನ್ನು ಡ್ರೈವರ್‌ನಿಂದ ಕಿತ್ತು ಫರ್ಮ್‌ವೇರ್‌ನಲ್ಲಿ ಕೂರಿಸಿದ ಮೇಲೆ ಡ್ರೈವರನ್ನು ತೆರೆದಿಡುವುದರಿಂದ ನಷ್ಟ ಉಳಿಯಲಿಲ್ಲ. ಲಾಭ ಮಾತ್ರ ಇತ್ತು: ಡೇಟಾ ಸೆಂಟರ್‌ಗಳ ದೊಡ್ಡ ಗಿರಾಕಿಗಳು ಲಿನಕ್ಸ್ ಮೇಲೆಯೇ ಇದ್ದಾರೆ. ಕರ್ನಲ್ ಬದಲಾದಾಗಲೆಲ್ಲ ಡ್ರೈವರ್‌ನ ಕರ್ನಲ್ ಭಾಗ ಒಡೆದರೆ, ದೋಷ ಹುಡುಕಲು ಒಳಗೆ ಇಣುಕಲಾಗದಿದ್ದರೆ, ಅವರಿಗೆ ಆಗುವ ನಷ್ಟ ಸಣ್ಣದಲ್ಲ.

ಇದನ್ನು ಬರೀ ದೂರಿನ ರೂಪದಲ್ಲಿ ಹೇಳುವುದು ನ್ಯಾಯವಲ್ಲ. ಆ ಬಿಡುಗಡೆಯಿಂದ ನಿಜವಾದ ಉಪಯೋಗವಾಗಿದೆ. ಅದೇ ಜಿಎಸ್‌ಪಿ ಫರ್ಮ್‌ವೇರನ್ನು ನೂವೋ ಕೂಡ ಬಳಸಿಕೊಂಡು, 2024ರ ಜನವರಿಯಲ್ಲಿ ಬಂದ 6.7ನೇ ಕರ್ನಲ್‌ನಿಂದ ಹೊಸ ಕಾರ್ಡುಗಳ ವೇಗವನ್ನು ಸರಿಯಾಗಿ ನಿಯಂತ್ರಿಸತೊಡಗಿತು. ಅದರ ಮೇಲೆ ಎನ್‌ವಿಕೆ ಎಂಬ ಮುಕ್ತ ವಲ್ಕನ್ ಡ್ರೈವರ್ ಬೆಳೆದಿದೆ. ನಡುವೆ ಸಿಕ್ಕಿಬಿದ್ದದ್ದು ಮ್ಯಾಕ್ಸ್‌ವೆಲ್‌ನ ಎರಡನೇ ಪೀಳಿಗೆ, ಪ್ಯಾಸ್ಕಲ್ ಮತ್ತು ವೋಲ್ಟಾ. ಸಹಿಯ ಬೀಗ ಅವುಗಳಿಗಿದೆ, ಜಿಎಸ್‌ಪಿ ಅವುಗಳಲ್ಲಿಲ್ಲ. 580ನೇ ಸರಣಿಯೇ ಅವುಗಳಿಗೆ ಕೊನೆಯ ಡ್ರೈವರ್ ಎಂದು ಕಂಪನಿ ಹೇಳಿದೆ. ನಮ್ಮ ಕಡೆಯ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬರುವ ಜಿಟಿಎಕ್ಸ್ 1050, 1060 ಕಾರ್ಡುಗಳು ಇದೇ ಗುಂಪಿನವು. ಲಿನಕ್ಸ್‌ಗಾಗಿ ಅವುಗಳನ್ನು ಕೊಳ್ಳುವ ಮೊದಲು ಇದು ಗೊತ್ತಿರಲಿ.

ನವನಗರ ಲ್ಯಾಬ್ (ಬಾಗಲಕೋಟೆ)

ಬಹಳ ಉಪಕಾರವಾಯಿತು. ಹೊಸ ಖರೀದಿಯ ಪ್ರಸ್ತಾವದಲ್ಲಿ, ಡ್ರೈವರ್ ಲಿನಕ್ಸ್‌ನ ಮುಖ್ಯ ಕರ್ನಲ್‌ನಲ್ಲಿಯೂ ಮೆಸಾದಲ್ಲಿಯೂ ಇರಬೇಕು, ತಯಾರಕರ ತಾಣದಿಂದ ಇಳಿಸಿಕೊಳ್ಳುವಂತಹದ್ದು ಸಲ್ಲದು ಎಂಬ ಷರತ್ತನ್ನು ಬರೆಯುತ್ತೇನೆ. ಇಂತಹ ಷರತ್ತು ಟೆಂಡರಿನಲ್ಲಿ ನಿಲ್ಲುತ್ತದೆಯೇ, ವಕೀಲ್ ಸಾಹೇಬರೇ?

ಬಾರಾ ಕಮಾನ್ (ವಿಜಯಪುರ)

ಕಂಪನಿಯ ಹೆಸರು ಬರೆಯದೆ, ಬೇಕಾದ ಗುಣವನ್ನು ಮಾತ್ರ ಬರೆದರೆ ಆಕ್ಷೇಪಕ್ಕೆ ಅವಕಾಶ ಕಡಿಮೆ. ಪರೀಕ್ಷೆಯ ವಿಧಾನವನ್ನೂ ಸೇರಿಸಿ: ಯಾವ ಉಬುಂಟು ಆವೃತ್ತಿ, ಹೊರಗಿನ ಯಾವ ಪ್ಯಾಕೇಜನ್ನೂ ಹಾಕದೆ ಯಾವ ಕೆಲಸ ಆಗಬೇಕು ಎಂಬುದನ್ನು. ಮಾರುವವರು ಯಂತ್ರವನ್ನು ತಂದು ಹಾಗೆ ನಡೆಸಿ ತೋರಿಸಿದ ಮೇಲೆಯೇ ಸ್ವೀಕೃತಿ ಎಂದು ಬರೆದರೆ ನಂತರದ ಜಗಳ ತಪ್ಪುತ್ತದೆ.

ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ. ತಯಾರಕನು ಪೂರ್ಣ ಮನಸ್ಸಿನಿಂದ ಮುಂದಾದರೂ ಮೂರನೆಯವರು ಅಡ್ಡ ಬರಬಹುದು. ಪರದೆ ಜೋಡಿಸುವ ಎಚ್‌ಡಿಎಂಐ 2.1ರ ಸೌಲಭ್ಯಗಳನ್ನು ಮುಕ್ತ ಡ್ರೈವರ್‌ಗೆ ಸೇರಿಸಲು ಎಎಂಡಿ ಕೋಡ್ ಸಿದ್ಧಪಡಿಸಿ, ಆ ಮಾನದಂಡವನ್ನು ರೂಪಿಸುವ ಎಚ್‌ಡಿಎಂಐ ಫೋರಮ್ ಮುಂದೆ ಪ್ರಸ್ತಾವ ಇಟ್ಟಿತ್ತು. 2024ರ ಫೆಬ್ರವರಿಯಲ್ಲಿ, ಆ ಪ್ರಸ್ತಾವ ತಿರಸ್ಕೃತವಾಯಿತೆಂದು ಎಎಂಡಿಯ ಎಂಜಿನಿಯರೇ ತಿಳಿಸಿದರು. ನಿಮ್ಮ ಲ್ಯಾಬಿಗೆ 4ಕೆ ಪರದೆಗಳು 120 ಹರ್ಟ್ಸ್‌ನಲ್ಲಿ ಬೇಕಿದ್ದರೆ ಡಿಸ್‌ಪ್ಲೇಪೋರ್ಟ್ ಎಂಬ ಬೇರೆ ಬಗೆಯ ಜೋಡಣೆ ಇರುವ ಮಾನಿಟರುಗಳನ್ನೇ ಕೇಳಿ.

ಉದ್ಯಮಬಾಗ

ನಮ್ಮ ಕ್ಯಾಡ್ ತಂತ್ರಾಂಶ ಲಿನಕ್ಸ್‌ಗೆ ಇಲ್ಲವಾದ್ದರಿಂದ ನನಗೆ ತಕ್ಷಣದ ಬಿಡುಗಡೆಯಿಲ್ಲ. ಆದರೂ ಮುಂದಿನ ಸಲ ಮಾರಾಟಗಾರರು ಬಂದಾಗ, ಈ ಎರಡು ಕಾರ್ಡುಗಳ ವ್ಯತ್ಯಾಸದಲ್ಲಿ ಯಂತ್ರಾಂಶದ ಪಾಲೆಷ್ಟು, ಡ್ರೈವರ್‌ನ ಪಾಲೆಷ್ಟು ಎಂದು ಲಿಖಿತವಾಗಿ ಕೇಳುತ್ತೇನೆ.

ಇಳಕಲ್ಲಿನ ವಿದ್ಯಾರ್ಥಿನಿ

ಘಟಪ್ರಭಾ ಅಣ್ಣ, ಈ ಕೆಲಸದಲ್ಲಿ ನಾನು ಕೈ ಹಾಕಬೇಕೆಂದರೆ ಎಲ್ಲಿಂದ ಆರಂಭಿಸಬೇಕು? ನನ್ನ ಬಳಿ ಇರುವುದು ಎಎಂಡಿ ಪ್ರೊಸೆಸರಿನ ಒಂದು ಸಾಧಾರಣ ಲ್ಯಾಪ್‌ಟಾಪ್.

ಘಟಪ್ರಭಾ ತೀರ

ಅದೇ ಸಾಕು, ಬೇರೆ ಏನನ್ನೂ ಕೊಳ್ಳಬೇಡ. ಮೆಸಾದ ಸೋರ್ಸ್ ಕೋಡನ್ನು ಇಳಿಸಿಕೊಂಡು, ನಿನ್ನ ಮನೆಯ ಫೋಲ್ಡರಿನಲ್ಲಿಯೇ ಕಂಪೈಲ್ ಮಾಡಿ, ಮೂಲ ವ್ಯವಸ್ಥೆಯನ್ನು ಮುಟ್ಟದೆ ಅದನ್ನು ಬಳಸುವುದನ್ನು ಮೊದಲು ಕಲಿ. ನಿನ್ನ ಲ್ಯಾಪ್‌ಟಾಪಿನ ವಲ್ಕನ್ ಡ್ರೈವರ್ ರಾಡ್‌ವಿ. ಅದನ್ನು 2016ರಲ್ಲಿ ಆರಂಭಿಸಿದವರು ಡೇವ್ ಏರ್ಲಿ ಮತ್ತು ಬಾಸ್ ನ್ಯೂವನ್‌ಹೈಜನ್. ಇಬ್ಬರೂ ಎಎಂಡಿಯ ನೌಕರರಲ್ಲ. ಎಎಂಡಿಯ ಸ್ವಂತ ಮುಕ್ತ ಡ್ರೈವರ್ ಬರುವ ಮೊದಲೇ ಅದು ಬಳಕೆಗೆ ಬಂದಿತ್ತು. ಕೊನೆಗೆ 2025ರಲ್ಲಿ ಎಎಂಡಿ ತನ್ನದನ್ನು ನಿಲ್ಲಿಸಿ ರಾಡ್‌ವಿಯನ್ನೇ ಬೆಂಬಲಿಸುವುದಾಗಿ ಹೇಳಿತು.

ಆಮೇಲೆ ಒಂದು ಚಿಕ್ಕ ತ್ರಿಕೋನ ಬರೆಯುವ ವಲ್ಕನ್ ಪ್ರೋಗ್ರಾಂ ತೆಗೆದುಕೊಂಡು, RADV_DEBUG ಎಂಬ ಪರಿಸರ ವೇರಿಯಬಲ್‌ಗೆ ಶೇಡರ್ ತೋರಿಸುವ ಆಯ್ಕೆಯನ್ನು ಕೊಟ್ಟು ನಡೆಸು. ನೀನು ಬರೆದ ಶೇಡರ್, ಕಂಪೈಲರಿನ ಹಂತಗಳನ್ನು ದಾಟಿ, ಚಿಪ್ಪಿನ ಸ್ವಂತ ಆದೇಶಗಳಾಗಿ ಟರ್ಮಿನಲ್‌ನಲ್ಲಿ ಸಾಲುಸಾಲಾಗಿ ಬರುತ್ತದೆ. ಆ ಆದೇಶಗಳ ಅರ್ಥವನ್ನು ವಿವರಿಸುವ ಕೈಪಿಡಿಯನ್ನು ಎಎಂಡಿಯೇ ಪ್ರಕಟಿಸಿದೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದು. ಎಲ್ಲಿ ನಿಂತರೂ ಇಲ್ಲಿಯೇ ಬರೆ, ಆ ಭಾಗದ ಕೋಡನ್ನು ಜೊತೆಯಾಗಿ ನೋಡೋಣ.